ಅಪ್ಪನ ಕಾರಿನ ‘ಟಕ್ ಟಕ್’ ನನಗೆ ಕಲಿಸಿದ ಪಾಠ

“ಮ್ಯೂಸಿಕ್ ಸ್ವಲ್ಪ ಆಫ್ ಮಾಡು. ಇಂಜಿನ್ ಸೌಂಡ್ ಸರಿಯಿಲ್ಲ ಕಣೋ.”

ಹಿಂದಿನ ಸೀಟಿನಿಂದ ಅಪ್ಪ ಹೀಗೆ ಹೇಳಿದಾಗ ನಾವು ಮೈಸೂರು ರಸ್ತೆಯ ಟ್ರಾಫಿಕ್‌ನಲ್ಲಿದ್ದೆವು. “ಹಳೇ ಕಾರು ಅಂದ್ರೆ ಹಾಗೇ ಅಪ್ಪಾ” ಅಂತ ವಾಲ್ಯೂಮ್ ಇನ್ನಷ್ಟು ಏರಿಸಿದೆ. ಆಯಿಲ್ ಲೈಟ್ ಆಗಾಗ ಮಿನುಗುತ್ತಿದ್ದುದೂ ಗೊತ್ತಿತ್ತು. ‘ಸ್ಯಾಲರಿ ಬರಲಿ, ನೋಡೋಣ’ ಅಂತ ಎರಡು ತಿಂಗಳು ತಳ್ಳಿದ್ದೆ.

ಮೂರನೇ ದಿನ ಬಾಪೂಜಿ ನಗರದ ನಮ್ಮ ಮನೆ ತಿರುವಿನಲ್ಲಿ, ಬಾನೆಟ್ ಒಳಗೆ ಯಾರೋ ಸುತ್ತಿಗೆ ಹಿಡಿದು ಕೂತ ಹಾಗೆ ಟಕ್ ಟಕ್! ಆಕ್ಸಿಲರೇಟರ್ ಒತ್ತಿದರೆ ಇನ್ನೂ ಜೋರು. ಒಂದು ವರ್ಕ್‌ಶಾಪ್‌ನವರು ಎರಡೇ ನಿಮಿಷದಲ್ಲಿ ತೀರ್ಪು ಕೊಟ್ಟರು: “ಇಂಜಿನ್ ಹೋಯ್ತು ಸರ್, ಗುಜರಿಗೆ ಹಾಕಿ.” ಅಪ್ಪ ಮಾತಾಡಲಿಲ್ಲ. ಆ ಮಾರುತಿ 800 ಅಮ್ಮ ಇದ್ದಾಗ ಕೊಂಡದ್ದು. ಮುಂದಿನ ಎಡ ಸೀಟಿನಲ್ಲಿ ಅಪ್ಪ ಇವತ್ತಿಗೂ ಕೂರೋದಿಲ್ಲ.

ಕೊನೆಗೆ ನಮ್ಮ ಹಿಂದಿನ ರಸ್ತೆಯ ಮೆಕ್ಯಾನಿಕ್ ಹತ್ತಿರ ಹೋದೆ. “ಬಿಚ್ಚಿ ಅಳೆಯದೆ ಏನೂ ಹೇಳಬಾರದು ಸರ್” ಅಂದರು.

ಏನಿದು ಬೇರಿಂಗ್?

ಪಿಸ್ಟನ್ ಮೇಲೆ ಕೆಳಗೆ ಓಡುತ್ತದೆ, ಕ್ರ್ಯಾಂಕ್‌ಶಾಫ್ಟ್ ತಿರುಗುತ್ತದೆ. ಎರಡನ್ನೂ ಜೋಡಿಸುವುದು ಕನೆಕ್ಟಿಂಗ್ ರಾಡ್. ರಾಡ್ ಕ್ರ್ಯಾಂಕನ್ನು ಹಿಡಿಯುವ ಜಾಗದಲ್ಲಿ, ಎರಡು ಹೋಳಾದ ಬಳೆಯಂಥ ತೆಳುವಾದ ಶೆಲ್‌ಗಳಿರುತ್ತವೆ. ಅದೇ ಬೇರಿಂಗ್. ಸೈಕಲ್‌ನಲ್ಲಿರುವಂತೆ ಇದರಲ್ಲಿ ಗುಂಡುಗಳಿಲ್ಲ, ತೆಳ್ಳನೆಯ ಆಯಿಲ್ ಪದರವೇ ಎಲ್ಲ. ಶೆಲ್‌ನ ಮೇಲ್ಮೈ ಬೇಕಂತಲೇ ಮೆದು. ದುಬಾರಿ ಕ್ರ್ಯಾಂಕ್‌ಗಿಂತ ಮೊದಲು ತಾನು ಸವೆಯಬೇಕು. ಅಮೆರಿಕದ ಐಸಾಕ್ ಬ್ಯಾಬಿಟ್ 1839ರಲ್ಲೇ ಇಂಥ ಮೆದು ಮಿಶ್ರಲೋಹ ರೂಪಿಸಿದ್ದರು. ಆದರೆ ಆಯಿಲ್ ಒತ್ತಡ ಬಿದ್ದರೆ ಲೋಹಕ್ಕೆ ಲೋಹ ಉಜ್ಜಿ ಸಂದಿ ದೊಡ್ಡದಾಗುತ್ತದೆ, ರಾಡ್ ಬಡಿಯಲು ಶುರುವಾಗುತ್ತದೆ.

ಪತ್ತೆ ಮಾಡಿದ್ದು ಹೀಗೆ

ನಮ್ಮ ಇಂಜಿನ್‌ಗೆ ಮೂರು ಸಿಲಿಂಡರ್. ಮೆಕ್ಯಾನಿಕ್ ಒಂದೊಂದರ ಸ್ಪಾರ್ಕ್ ನಿಲ್ಲಿಸುತ್ತಾ ಕಿವಿಗೊಟ್ಟರು. ಎರಡನೆಯದನ್ನು ನಿಲ್ಲಿಸಿದಾಗ ಸದ್ದು ಇಳಿಯಿತು. ಕಳ್ಳ ಸಿಕ್ಕಿಬಿದ್ದ! ಆಯಿಲ್ ಇಳಿಸಿದರೆ ಅದರಲ್ಲಿ ಲೋಹದ ಮಿನುಗು ಪುಡಿ.

ಸಂಪ್ ಬಿಚ್ಚಿ, ಪ್ರತಿ ಕ್ಯಾಪ್‌ಗೂ ನಂಬರ್, ದಿಕ್ಕು ಗುರುತು ಹಾಕಿದರು. ಒಂದು ರಾಡ್‌ನ ಕ್ಯಾಪ್ ಇನ್ನೊಂದಕ್ಕೆ ಹಾಕುವಂತಿಲ್ಲ, ತಿರುಗಿಸಿಯೂ ಹಾಕುವಂತಿಲ್ಲ. ಆಮೇಲೆ ಪ್ಲಾಸ್ಟಿಗೇಜ್ ಎಂಬ ಸಣ್ಣ ಎಳೆಯನ್ನು ಕ್ರ್ಯಾಂಕ್ ಮೇಲಿಟ್ಟು, ಕ್ಯಾಪನ್ನು ಟಾರ್ಕ್ ವ್ರೆಂಚ್‌ನಲ್ಲಿ ಬಿಗಿದು, ಮತ್ತೆ ಬಿಚ್ಚಿದರು. ಎಳೆ ಎಷ್ಟು ಅಗಲ ಚಪ್ಪಟೆಯಾಗಿದೆ ಎಂಬುದರ ಮೇಲೆ ಸಂದಿ ಗೊತ್ತಾಗುತ್ತದೆ. ಅಗಲ ಹೆಚ್ಚಿದ್ದರೆ ಸಂದಿ ಕಡಿಮೆ. ಈ ನಡುವೆ ಕ್ರ್ಯಾಂಕ್ ಒಂದಿಷ್ಟೂ ತಿರುಗಬಾರದು. ಸಣ್ಣ ಕಾರುಗಳಲ್ಲಿ ಸಂದಿ ಸಾಮಾನ್ಯವಾಗಿ 0.02ರಿಂದ 0.05 ಮಿ.ಮೀ., ಅಂದರೆ ತಲೆಗೂದಲಿಗಿಂತ ತೆಳು. ನಮ್ಮ ಎರಡನೇ ರಾಡ್‌ನಲ್ಲಿ ಎಳೆ ಚಪ್ಪಟೆಯೇ ಆಗಿರಲಿಲ್ಲ!

“ಹಾಗಾದ್ರೆ ಹೊಸ ಬೇರಿಂಗ್ ಹಾಕಿಬಿಡಿ” ಅಂದೆ. ಅವರು ಮೈಕ್ರೋಮೀಟರ್ ತೋರಿಸಿದರು. ಕ್ರ್ಯಾಂಕ್ ಕೂಡ ಸವೆದು ಮೊಟ್ಟೆಯಾಕಾರಕ್ಕೆ ತಿರುಗಿತ್ತು. ಅದರ ಮೇಲೆ ಹೊಸ ಶೆಲ್ ಕೂರಿಸಿದ್ದರೆ ದುಡ್ಡೂ ಹೋಗಿ, ಸದ್ದೂ ವಾಪಸ್ ಬರುತ್ತಿತ್ತು. ಇಂಜಿನ್ ಇಳಿಸಿ, ಕ್ರ್ಯಾಂಕ್ ಗ್ರೈಂಡ್ ಮಾಡಿಸಿ, ಜೆ.ಸಿ. ರಸ್ತೆಯಿಂದ 0.25 ಮಿ.ಮೀ. ಅಂಡರ್‌ಸೈಜ್ ಶೆಲ್‌ಗಳನ್ನು ತಂದು ಮೂರೂ ರಾಡ್‌ಗೆ ಹಾಕಿದೆವು. ಆಯಿಲ್ ಪಂಪ್ ಕೂಡ ಬದಲಾಯಿತು. ಲೈಟ್ ಮಿನುಗಿದ ದಿನವೇ ನಿಂತಿದ್ದರೆ ಇಷ್ಟೆಲ್ಲ ಬೇಕಾಗುತ್ತಿರಲಿಲ್ಲವೇನೋ.

ನೀವು ಮಾಡಬೇಕಾದ್ದಿಷ್ಟು

• ಆಯಿಲ್ ಲೈಟ್ ಹೊತ್ತಿದರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಇಂಜಿನ್ ಆಫ್ ಮಾಡಿ. ‘ಮನೆವರೆಗೆ ಹೋಗ್ಲಿ’ ಬೇಡ.
• ಆಗಾಗ ಡಿಪ್‌ಸ್ಟಿಕ್ ನೋಡಿ. ಎರಡು ನಿಮಿಷದ ಕೆಲಸ.
• ಬಡಿತ ಕೇಳಿಸಿದರೆ ಓಡಿಸಬೇಡಿ, ಟೋ ಮಾಡಿಸಿ. ರಾಡ್ ಮುರಿದರೆ ಇಂಜಿನ್ ಬ್ಲಾಕೇ ಒಡೆಯಬಹುದು.
• “ಅಳತೆ ಎಷ್ಟು ಬಂತು?” ಅಂತ ಮೆಕ್ಯಾನಿಕ್‌ನ ಕೇಳಿ.

ಕಾರು ವಾಪಸ್ ಬಂದ ದಿನ ಅಪ್ಪನನ್ನು ಒಂದು ರೌಂಡ್ ಕರೆದುಕೊಂಡು ಹೋದೆ. ಮ್ಯೂಸಿಕ್ ಹಾಕಲಿಲ್ಲ. ದೀಪಾಂಜಲಿ ನಗರ ಮೆಟ್ರೋ ಸ್ಟೇಷನ್ ದಾಟುವವರೆಗೂ ಸುಮ್ಮನಿದ್ದ ಅಪ್ಪ, ಹಿಂದಿನ ಸೀಟಿನಿಂದಲೇ ಹೇಳಿದರು: “ಈಗ ಸರಿಯಾಯ್ತು ನೋಡು. ಬೇಕಾದ್ರೆ ಹಾಡು ಹಾಕ್ಕೋ.”