ತುರಿಕೆಗೆ ಕಾರಣ ಚಪ್ಪಲಿಯೂ ಇರಬಹುದು

ಚಪ್ಪಲಿಯ ಪಟ್ಟಿ ಕೂರುವ ಜಾಗದಲ್ಲೇ ಕೆಂಪಗಾಗಿ ತುರಿಸುತ್ತಿದೆಯೇ? ಎರಡೂ ಕಾಲಲ್ಲಿ, ಅದೇ ಆಕಾರದಲ್ಲಿ? ಹಾಗಿದ್ದರೆ ನಂಜು ಅಂತ ಬದನೆಕಾಯಿ ಬಿಡುವ ಮೊದಲು ಚಪ್ಪಲಿಯನ್ನು ಅನುಮಾನಿಸಿ.

ಇದು ತಾಗಿದ್ದರಿಂದ ಬರುವ ಅಲರ್ಜಿ. ರಬ್ಬರ್ ತಯಾರಿಕೆಯಲ್ಲಿ ಬೆರೆಸುವ ರಾಸಾಯನಿಕ, ಚರ್ಮ ಹದ ಮಾಡಲು ಬಳಸುವ ಕ್ರೋಮಿಯಂ, ಅಂಟು, ಯಾವುದಾದರೂ ಆಗಬಹುದು. ಕಣಕಾಲಿನ ಸುತ್ತ ಮಾತ್ರ ಎದ್ದಿದ್ದರೆ ಗೆಜ್ಜೆಯಲ್ಲಿರುವ ನಿಕ್ಕಲ್. ಹೊಲದಲ್ಲಿ ದುಡಿಯುವವರಿಗೆ ಪಾರ್ಥೇನಿಯಂ, ಅದೇ ನಮ್ಮ ಕಾಂಗ್ರೆಸ್ ಗಿಡ.

'ವರ್ಷಗಟ್ಟಲೆ ಹಾಕಿದ ಚಪ್ಪಲಿ, ಈಗೇಕೆ ಅಲರ್ಜಿ?' ಅಂತ ಬಹಳ ಜನ ಕೇಳುತ್ತಾರೆ. ರೋಗನಿರೋಧಕ ವ್ಯವಸ್ಥೆ ಆ ವಸ್ತುವನ್ನು ವೈರಿಯೆಂದು ಗುರುತಿಸಲು ತಿಂಗಳು, ವರ್ಷ ಹಿಡಿಯಬಹುದು. ಆಮೇಲೂ ತಾಗಿದ ಒಂದೆರಡು ದಿನ ಕಳೆದೇ ತುರಿಕೆ ಏಳುತ್ತದೆ. ಅದಕ್ಕೇ ಕಾರಣ ಕಣ್ಣಿಗೆ ಬೀಳುವುದಿಲ್ಲ.

ಮೊದಲು ಆ ಚಪ್ಪಲಿ ಬಿಡಿ. ತಣ್ಣೀರಿನ ಬಟ್ಟೆ ಇಡಿ, ಸುವಾಸನೆಯಿಲ್ಲದ ಮಾಯಿಶ್ಚರೈಸರ್ ಹಚ್ಚಿ. ಸುಡುನೀರು, ನಿಂಬೆರಸ, ಬೆಳ್ಳುಳ್ಳಿ ಬೇಡವೇ ಬೇಡ. ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಸ್ಟೀರಾಯ್ಡ್ ಬೆರೆತ ಕ್ರೀಮ್‌ಗಳ ಬಗ್ಗೆ ನನಗೆ ನಿಜಕ್ಕೂ ಆತಂಕ: ಅದು ಹುಳಕಡ್ಡಿಯಾಗಿದ್ದರೆ ತುರಿಕೆ ತಣಿದಂತೆ ಅನಿಸಿ, ಸೋಂಕು ಹರಡುತ್ತಲೇ ಹೋಗುತ್ತದೆ.

ಕಡಿಮೆಯಾಗದಿದ್ದರೆ ಚರ್ಮರೋಗ ತಜ್ಞರಲ್ಲಿ ಪ್ಯಾಚ್ ಟೆಸ್ಟ್ ಬಗ್ಗೆ ಕೇಳಿ. ಬೆನ್ನಿಗೆ ಅಂಟಿಸಿದ ಪಟ್ಟಿಗಳನ್ನು 48 ಗಂಟೆಯ ನಂತರ ತೆಗೆದು ನೋಡುತ್ತಾರೆ.

ಕೀವು, ಜ್ವರ, ಒಂದೇ ಕಾಲು ಊದಿಕೊಳ್ಳುವುದು, ಒತ್ತಿದರೂ ಮಾಸದ ನೇರಳೆ ಚುಕ್ಕೆ, ಇವುಗಳಲ್ಲಿ ಒಂದು ಕಂಡರೂ ಕಾಯಬೇಡಿ. ಅಂದೇ ಆಸ್ಪತ್ರೆಗೆ ಹೋಗಿ.