ಮಾತ್ಸುದೈರಾ ಸಾದಾನೊಬು: ಋಣವಿಮೋಚನೆಯೂ ಸಂಚಿತನಿಧಿಯೂ

ಜಪಾನಿನ ಸಾಮಂತಪ್ರಭುಗಳಲ್ಲಿ ಅರ್ಥನೀತಿಯ ಅಭ್ಯಾಸಿಗಳು ಗಮನಿಸಲೇಬೇಕಾದವನು ಮಾತ್ಸುದೈರಾ ಸಾದಾನೊಬು (1759-1829). ಎಂಟನೆಯ ಶೋಗನ್ ತೊಕುಗಾವಾ ಯೊಶಿಮುನೆಯ ಮೊಮ್ಮಗನಾದ ಈತನು ಶಿರಾಕಾವಾ ಸಂಸ್ಥಾನಕ್ಕೆ ದತ್ತುಹೋಗಿ, 1783ರಲ್ಲಿ ಅದರ ಒಡೆಯನಾದನು. ಆಗ ಈಶಾನ್ಯ ಜಪಾನನ್ನು ಘೋರಕ್ಷಾಮವು ಆವರಿಸಿತ್ತು. ಹೊರಗಿನಿಂದ ಧಾನ್ಯ ತರಿಸಿ, ಸ್ವಂತ ವೆಚ್ಚಗಳನ್ನು ತಗ್ಗಿಸಿ, ಪ್ರಜೆಗಳನ್ನು ಕಾಪಾಡಿದನೆಂದು ಈತನಿಗೆ ಕೀರ್ತಿ ಬಂದಿತು. 1787ರಲ್ಲಿ ಎದೋ ನಗರದಲ್ಲಿ ಅಕ್ಕಿಗಾಗಿ ದೊಂಬಿಗಳೆದ್ದವು; ಅದೇ ವರ್ಷ ಈತನು ತರುಣ ಶೋಗನ್ ಇಯೆನಾರಿಯ ಪ್ರಧಾನಾಮಾತ್ಯನಾದನು.

ಶೋಗನನ ಸಮುರಾಯಿಗಳಲ್ಲಿ ಅನೇಕರಿಗೆ ವೇತನವು ಅಕ್ಕಿಯ ರೂಪದಲ್ಲಿ ಸಲ್ಲುತ್ತಿತ್ತು. ಅದನ್ನು ಮಾರಿಕೊಡುವ ದಲಾಲಿಗಳೇ ಮುಂದಿನ ವೇತನದ ಆಧಾರದ ಮೇಲೆ ಸಾಲವನ್ನೂ ಕೊಡುತ್ತಿದ್ದರು. ಯೋಧರು ಋಣದಲ್ಲಿ ಮುಳುಗಿದುದನ್ನು ಕಂಡು, ಸಾದಾನೊಬುವಿನ ಸರ್ಕಾರವು 1789ರಲ್ಲಿ ಹಳೆಯ ಸಾಲಗಳನ್ನು ರದ್ದುಗೊಳಿಸಿ, ಈಚಿನವನ್ನು ಕಡಮೆ ಬಡ್ಡಿಯ ಕಂತುಗಳಿಗೆ ಇಳಿಸಿತು. ದಲಾಲಿಗಳ ನಷ್ಟವು ಹತ್ತು ಲಕ್ಷ ರ‍್ಯೋ ಚಿನ್ನವನ್ನು ಮೀರಿತು. ಪರಿಣಾಮವು ಊಹಿಸಲಾಗದುದೇನಲ್ಲ: ಅವರು ಹೊಸ ಸಾಲಕ್ಕೆ ಕೈ ಬಿಗಿಹಿಡಿದರು. ಋಣಮುಕ್ತನಾದ ಯೋಧನಿಗೆ ವೇತನವು ಹೆಚ್ಚಲಿಲ್ಲ, ಖರ್ಚು ತಗ್ಗಲಿಲ್ಲ. ಸಾಲ ಹುಟ್ಟುವ ಬಾಗಿಲು ಮಾತ್ರ ಮುಚ್ಚಿತು.

ಆದರೆ 1791ರ ಇನ್ನೊಂದು ಏರ್ಪಾಡು ಬೇರೆ ಬಗೆಯದು. ಎದೋದ ಪೇಟೆಗಳ ಆಡಳಿತವೆಚ್ಚವನ್ನು ಕಡಿತಗೊಳಿಸಿ, ಉಳಿತಾಯದ ನೂರಕ್ಕೆ 70ರಷ್ಟನ್ನು ವರ್ಷವರ್ಷವೂ ಕೂಡಿಡಬೇಕೆಂದು ಗೊತ್ತುಮಾಡಲಾಯಿತು. ಇದರಿಂದ ಕ್ಷಾಮಕ್ಕೆ ಧಾನ್ಯಸಂಗ್ರಹ, ಬಡವರಿಗೆ ನೆರವು, ಕಡಮೆ ಬಡ್ಡಿಯ ಸಾಲ ಇವು ನಡೆದವು. 1868ರಲ್ಲಿ ಶೋಗನರ ಆಳ್ವಿಕೆ ಅಳಿದರೂ ನಿಧಿಯು ಅಳಿಯಲಿಲ್ಲ. ತೋಕಿಯೋದ ರಸ್ತೆ, ಸೇತುವೆ, ಅನಾಥಾಲಯಗಳಿಗೆ ಅದು ಒದಗಿತು. ಆ ಅನಾಥಾಲಯವನ್ನು ದೀರ್ಘಕಾಲ ನಡೆಸಿದವನು, 1873ರಲ್ಲಿ ಜಪಾನಿನ ಮೊದಲ ಆಧುನಿಕ ಬ್ಯಾಂಕನ್ನು ಕಟ್ಟಿದ ಶಿಬುಸಾವಾ ಎಯಿಚಿ. ಆತನು ಸಾದಾನೊಬುವನ್ನು ಗುರುಸ್ಥಾನದಲ್ಲಿಟ್ಟು ಗೌರವಿಸಿದನೆಂಬುದು ಗಮನಾರ್ಹವಾಗಿದೆ.

ಈತನ ಆಡಳಿತದ ಕಠೋರಮುಖವನ್ನು ಮರೆಮಾಚಲಾಗದು. 1790ರಲ್ಲಿ ಸರ್ಕಾರಿ ವಿದ್ಯಾಲಯದಲ್ಲಿ ಝು ಷೀಯ ಕನ್‌ಫ್ಯೂಷಿಯನ್ ಪಂಥವೊಂದಕ್ಕೇ ಮನ್ನಣೆ ದೊರೆಯಿತು. 1791ರಲ್ಲಿ ಸಾಂತೋ ಕ್ಯೋದೆನ್ ಎಂಬ ಸಾಹಿತಿಗೆ 50 ದಿನಗಳ ಕೈಕೋಳ ಬಿದ್ದಿತು. ಕಡಲರಕ್ಷಣೆಯ ಬಗೆಗೆ ಎಚ್ಚರಿಸಿದ ಹಾಯಾಶಿ ಶಿಹೇಯಿಯು 1792ರಲ್ಲಿ ಗೃಹಬಂಧನಕ್ಕೊಳಗಾದನು. ಅದೇ ವರ್ಷ ರಷ್ಯದ ದೂತ ಲಾಕ್ಸ್‌ಮನ್ ನೆಮುರೋದಲ್ಲಿ ಬಂದಿಳಿದನು! 1793ರಲ್ಲಿ ಸಾದಾನೊಬು ಅಧಿಕಾರವನ್ನು ಬಿಟ್ಟು, ಮುಂದೆ ಪ್ರಾಚೀನ ವಸ್ತುಗಳ ಸಚಿತ್ರ ಸಂಕಲನದಂತಹ ವಿದ್ವತ್ಕಾರ್ಯಗಳಲ್ಲಿ ತೊಡಗಿದನು.

ಆಜ್ಞೆಯಿಂದ ಸಾಲವನ್ನು ಅಳಿಸಿದ ಕ್ರಮವು ಬೇಗನೆ ಸತ್ತ್ವಗುಂದಿತು; ಸ್ವಲ್ಪಸ್ವಲ್ಪವಾಗಿ ಕೂಡಿಸಿದ ನಿಧಿಯು ಆಜ್ಞೆಯಿತ್ತ ರಾಜ್ಯಕ್ಕಿಂತಲೂ ಹೆಚ್ಚು ಕಾಲ ಬಾಳಿತು. ಸಾದಾನೊಬುವಿನ ಯೋಗ್ಯತೆಯನ್ನು ಅಳೆಯುವವರು ಇವೆರಡನ್ನೂ ಒಟ್ಟಿಗೆ ತೂಗಬೇಕು.