ಮೇಳಗಾನದಲ್ಲಿ ನಿರ್ದೇಶಕರ ಕೆಲಸವೇನು?

ಭಜನೆಗೆ ಹತ್ತು ಮಂದಿ ಸೇರಿದರೆ ಹತ್ತು ಮಂದಿಯೂ ಒಂದೇ ಧಾಟಿಯನ್ನು ಹಾಡುತ್ತೇವೆ. ನಡುವೆ ಯಾರೊಬ್ಬರು ಎದ್ದುಹೋದರೂ ಹಾಡಿಗೆ ಕುಂದಿಲ್ಲ. ಪಾಶ್ಚಾತ್ಯರ ಹಳೆಯ ಮೇಳಗಾನದ ಕ್ರಮ ಬೇರೆ. ಅಲ್ಲಿ ನಾಲ್ಕೈದು ಪಂಗಡಗಳು ನಾಲ್ಕೈದು ಬೇರೆ ಬೇರೆ ಧಾಟಿಗಳನ್ನು ಏಕಕಾಲದಲ್ಲಿ ಹಾಡುತ್ತವೆ. ಒಂದು ಪಂಗಡ ತಪ್ಪಿದರೆ ಮಂಟಪದ ಒಂದು ಕಂಬ ಕಳಚಿದಂತೆ. ರೇಡಿಯೊದಲ್ಲಿ ಇಂಥ ಗಾನವನ್ನು ಮೊದಲ ಸಲ ಕೇಳಿದವರು, ‘ಇದರಲ್ಲಿ ಯಾವುದನ್ನು ಕೇಳುವುದು?’ ಎಂದು ತಬ್ಬಿಬ್ಬಾಗುವುದು ಸಹಜವೇ.

ಬೆಂಗಳೂರಿನವರಿಗೆ ಇದು ದೂರದ ಮಾತಲ್ಲ. 1809ರಲ್ಲಿ ದಂಡು ನೆಲೆಯೂರಿದ ಮೇಲೆ ಎದ್ದ ಸೇಂಟ್ ಮಾರ್ಕ್ಸ್, ಹೋಲಿ ಟ್ರಿನಿಟಿ, ಸೇಂಟ್ ಆಂಡ್ರೂಸ್ ಮೊದಲಾದ ಚರ್ಚುಗಳ ಮೂಲಕ ಮೇಳಗಾನ ಇಲ್ಲಿ ಬೇರುಬಿಟ್ಟಿತು. ಆದರೆ ಚರ್ಚಿನ ಮೇಳಕ್ಕೆ ಸಾಮಾನ್ಯವಾಗಿ ಆರ್ಗನ್ನಿನ ಆಸರೆಯುಂಟು. ಅದಕ್ಕೂ ಹಿಂದಿನ ಕಾಲದ, ಬರಿಯ ಕಂಠವನ್ನೇ ನೆಚ್ಚಿದ ಗಾನಕ್ಕೆ ಒಲಿದ ಮೇಳವೂ ನಮ್ಮ ನಗರದಲ್ಲಿ ಹುಟ್ಟಿತು. ಅದರ ಹೆಸರು ‘ಮ್ಯಾಡ್ರಿಗಲ್ಸ್ ಎಟ್ಸೆಟ್ರಾ’. ಅದನ್ನು ಮುನ್ನಡೆಸಿದವರು ಪಿಯಾನೊ ವಾದಕಿ ನೀಸಿಯಾ ಮಜೋಲಿ.

ಈ ಗಾನ ಎಷ್ಟು ಹಳೆಯದು? ಪುರಂದರದಾಸರು 1564ರಲ್ಲಿ ತೀರಿಕೊಂಡರೆಂದು ಹೇಳುತ್ತಾರಷ್ಟೆ. ಆಗ ರೋಮಿನಲ್ಲಿ ಪಾಲೆಸ್ತ್ರೀನ ಎಂಬಾತ ನಡುವಯಸ್ಸಿನ ಸಂಗೀತಗಾರ. ದೇವಾಲಯಕ್ಕಾಗಿ ಅವನು ರಚಿಸಿದಂತೆ, ಮನೆಮಂದಿ ಸೇರಿ ಹಾಡಲೆಂದು ಇತರರು ರಚಿಸಿದ ಲೌಕಿಕ ಗೀತೆಯೇ ಮ್ಯಾಡ್ರಿಗಲ್. ಅದರಲ್ಲಿ ಮಾತಿನ ಅರ್ಥವನ್ನು ಸ್ವರವೇ ಚಿತ್ರಿಸುತ್ತದೆ. 1601ರಲ್ಲಿ ಅಚ್ಚಾದ ಥಾಮಸ್ ವೀಲ್ಕ್ಸ್‌ನ ಒಂದು ಕೃತಿಯಲ್ಲಿ ಇಬ್ಬಿಬ್ಬರು ಬರುವ ಕಡೆ ಎರಡೇ ಕಂಠ, ಮೂವರು ಬರುವ ಕಡೆ ಮೂರು, ದೇವಿಯೊಬ್ಬಳೇ ಉಳಿದಳೆನ್ನುವ ಕಡೆ ಒಂದೇ ಕಂಠ!

ಇನ್ನು ನಿರ್ದೇಶಕರ ಮಾತು. ಅವರ ಮೊದಲ ಹೊಣೆ ಶ್ರುತಿ. ನಮ್ಮ ಗಾಯಕರಿಗೆ ತಂಬೂರಿ ಕಡೆಯವರೆಗೂ ಮಿಡಿಯುತ್ತಿರುತ್ತದೆ. ಈ ಮೇಳಕ್ಕೆ ಆರಂಭದಲ್ಲಿ ಒಂದು ಸ್ವರ ಸಿಕ್ಕಿದರೆ ಮುಗಿಯಿತು. ಹಾಡು ಸಾಗಿದಂತೆ ಶ್ರುತಿ ಮೆಲ್ಲನೆ ಇಳಿಯುವ ಭಯ ಸದಾ ಉಂಟು. ಪಿಯಾನೊವನ್ನು ನೆಚ್ಚಿದರೂ ಸಾಲದು. ಷಡ್ಜಕ್ಕೂ ಅಂತರ ಗಾಂಧಾರಕ್ಕೂ 4ಕ್ಕೆ 5ರ ಪ್ರಮಾಣವಿದ್ದರೆ ಎರಡೂ ಹಾಲುಜೇನಿನಂತೆ ಬೆರೆಯುತ್ತವೆ. ಪಿಯಾನೊದ ಗಾಂಧಾರ ಅದಕ್ಕಿಂತ ತುಸು ಎತ್ತರ. ಸರಿಯಾದ ಸ್ಥಾನವನ್ನು ಕಿವಿಯಿಂದಲೇ ಹುಡುಕಬೇಕು.

ಎರಡನೆಯದು ಲಯ. ಆ ಕಾಲದಲ್ಲಿ ಪ್ರತಿ ಪಂಗಡಕ್ಕೂ ಅದರದೇ ಪುಸ್ತಕ. ಉಳಿದವರ ಸ್ವರ ಅದರಲ್ಲಿ ಇರುತ್ತಿರಲಿಲ್ಲ, ಆವರ್ತವನ್ನು ತೋರುವ ಗೆರೆಗಳೂ ಇರಲಿಲ್ಲ. ಏಳುತ್ತ ಬೀಳುತ್ತ ನಡೆಯುವ ಕೈಯೊಂದೇ ದಾರಿ, ನಮ್ಮ ತಾಳದ ಹಾಗೆ. ಆದರೆ ನಿರ್ದೇಶಕರ ಕೈ ಬರಿಯ ಎಣಿಕೆಯದಲ್ಲ. ಯಾವ ಪಂಗಡ ಎಲ್ಲಿ ಪ್ರವೇಶಿಸಬೇಕು, ಯಾವುದು ತಗ್ಗಿ ಇನ್ನೊಂದಕ್ಕೆ ಎಡೆಗೊಡಬೇಕು, ಎಲ್ಲರೂ ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಎಂಬುದೆಲ್ಲ ಆ ಕೈಯಲ್ಲಿದೆ.

ಮೂರನೆಯದೇ ಕಠಿನವಾದುದು. ತನ್ನ ಧಾಟಿಯನ್ನು ಬಿಡದೆ ಪಕ್ಕದವನ ಧಾಟಿಯನ್ನು ಕೇಳುವ ಅಭ್ಯಾಸ. ಕೇಳದೆ ಹಾಡಿದರೆ ಅದು ಸಂತೆಯ ಗದ್ದಲ. ಕೇಳುತ್ತ ತನ್ನದನ್ನು ಮರೆತರೆ ಪಂಗಡವೇ ಮಾಯ. ಪಂಗಡಕ್ಕೆ ಇಬ್ಬರಂತೆ ಇರುವ ಸಣ್ಣ ಮೇಳದಲ್ಲಿ ಒಬ್ಬರಿಗೆ ಬೇರೆ ಊರಿಗೆ ವರ್ಗವಾದರೆ, ಎರಡು ವರ್ಷದ ಸಾಧನೆ ಮತ್ತೆ ಮೊದಲಿನಿಂದ ಆರಂಭ. ಸ್ವರಗಳು ಗ್ರಂಥದಲ್ಲಿ ಭದ್ರವಾಗಿರಬಹುದು. ಕೇಳಬಲ್ಲ ಕಿವಿಗಳನ್ನು ಮಾತ್ರ ಪ್ರತಿ ಊರಿನಲ್ಲಿ, ಪ್ರತಿ ತಲೆಮಾರಿನಲ್ಲಿ ಹೊಸದಾಗಿ ಬೆಳೆಸಬೇಕು. ನಿರ್ದೇಶಕರ ನಿಜವಾದ ಕೆಲಸ ಇದು. ಸಭೆಯಲ್ಲಿ ಕಾಣುವ ಕೈಯಾಟ ಅದರ ಕೊನೆಯ ಅಂಶವಷ್ಟೆ.

ಕೇಳುವವರಾದ ನಿಮಗೂ ಒಂದು ಸುಲಭೋಪಾಯವಿದೆ. ಮುಂದಿನ ಸಲ ಇಂಥ ಗಾನ ಕಿವಿಗೆ ಬಿದ್ದಾಗ ಮೇಲಿನ ಹೆಣ್ಣುದನಿಯನ್ನು ಬಿಟ್ಟು, ನಡುವಿನ ಒಂದು ಕಂಠವನ್ನು ಹಿಡಿದು ಕಡೆಯವರೆಗೂ ಹೋಗಿ. ಎರಡನೆಯ ಸಲ ಮತ್ತೊಂದನ್ನು ಹಿಡಿಯಿರಿ. ಮೂರನೆಯ ಸಲ ಅವೆರಡೂ ಒಟ್ಟಿಗೆ ಕೇಳಿಸತೊಡಗುತ್ತವೆ.